ನಿಂಬೆಗಾತ್ರದ ತುರುಬು

ಕೂದಲಿದ್ದವಳು ಹೇಗೆ ಕಟ್ಟಿದರೂ ತುರುಬು ಚೆಂದ ಎನ್ನುವ ಮಾತನ್ನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಮಾತು ಸುಳ್ಳಲ್ಲ. ದಟ್ಟ ಕೂದಲು ಕಟ್ಟಿದವರ ತಪ್ಪನ್ನೆಲ್ಲ ಮುಚ್ಚಿಹಾಕುತ್ತದೆ. ಬೈತಲೆ ಓರೆಯಾಗಲಿ, ಪಿನ್ನು ಸಡಿಲವಾಗಲಿ, ಹೆರಳು ಅರ್ಧ ಬಿಚ್ಚಿಕೊಳ್ಳಲಿ, ಅದರ ಸೊಗಸು ಹೋಗುವುದಿಲ್ಲ. ತೆಳ್ಳನೆಯ ಕೂದಲಿಗೆ ಈ ಅನುಕೂಲವಿಲ್ಲ. ಅದು ನೆರೆತ ಮೇಲಂತೂ ಒಂದೊಂದು ಎಳೆಯೂ ಬೆಳಕಿಗೆ ಬೀಳುತ್ತದೆ. ಹಾಗಾಗಿ ತಲೆ ಬಾಚಿ ಕಟ್ಟುವ ಕಲೆಯನ್ನು ಒರೆಗೆ ಹಚ್ಚಬೇಕಾದದ್ದು ಮದುವಣಗಿತ್ತಿಯ ಮೊಗ್ಗಿನ ಜಡೆಯ ಮೇಲಲ್ಲ, ಅರವತ್ತು ದಾಟಿದವಳ ತೆಳ್ಳನೆಯ ನೆರೆಗೂದಲಿನ ಮೇಲೆ. ನಮ್ಮಲ್ಲಿ ಆ ಕೆಲಸ ಸರಿಯಾಗಿ ನಡೆದಿಲ್ಲ ಎಂಬುದು ನನ್ನ ದೂರು.

ನನಗೀಗ ಅರವತ್ತಮೂರು. ಹುಟ್ಟಿನಿಂದಲೇ ತೆಳುವಾದ ಕೂದಲು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಬ್ಯೂಟಿ ಪಾರ್ಲರ್‌ಗಳು ಮುಚ್ಚಿದಾಗ, ಹದಿನೈದು ವರ್ಷಗಳಿಂದ ಹಚ್ಚುತ್ತಿದ್ದ ಬಣ್ಣವನ್ನು ಬಿಟ್ಟೆ. ಬಿಟ್ಟ ಮೇಲೆ ಈ ತಲೆಯನ್ನು ಹೇಗೆ ಇಟ್ಟುಕೊಳ್ಳಬೇಕು ಎಂದು ಹೇಳಿಕೊಡುವವರು ಯಾರೂ ಸಿಗಲಿಲ್ಲ. ಕಪ್ಪು ಮಾಡುವ ದಾರಿ ಹತ್ತು ಜನಕ್ಕೆ ಗೊತ್ತಿತ್ತು. ಬಿಳಿಯಾಗಿಯೇ ಲಕ್ಷಣವಾಗಿ ಇರುವ ದಾರಿ ಒಬ್ಬರಿಗೂ ಗೊತ್ತಿರಲಿಲ್ಲ. ಅಲ್ಲಿಂದೀಚೆಗೆ ನಾನೇ ಮಾಡಿ ನೋಡಿದ್ದನ್ನೂ, ಅಕ್ಕತಂಗಿಯರು, ಸಹೋದ್ಯೋಗಿಗಳು, ನೆರೆಯವರು ಮಾಡಿಕೊಳ್ಳುವುದನ್ನೂ ಇಲ್ಲಿ ತೂಗಿ ನೋಡುತ್ತಿದ್ದೇನೆ.

ತೂಗುವುದಕ್ಕೆ ನಾಲ್ಕು ಅಳತೆಗಳನ್ನು ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಐದು ನಿಮಿಷದೊಳಗೆ ಮುಗಿಯುತ್ತದೆಯೇ, ಅಷ್ಟು ಹೊತ್ತಿನಲ್ಲಿ ಕೈಯನ್ನು ಭುಜದ ಮೇಲೆ ಎತ್ತಿ ಹಿಡಿಯಬೇಕಾದದ್ದು ಎಷ್ಟು ಎಂಬುದು ಮೊದಲನೆಯದು. ಸಂಜೆ ನಾಲ್ಕರ ಹೊತ್ತಿಗೆ, ಬಸ್ಸು, ಗಾಳಿ, ಬೆವರು ಎಲ್ಲ ಆದ ಮೇಲೆ ಹೇಗಿರುತ್ತದೆ ಎಂಬುದು ಎರಡನೆಯದು. ಕನ್ನಡಿಯಲ್ಲಿ ಮುಂದಿನಿಂದ ಅಲ್ಲ, ಪಕ್ಕದಿಂದ ಮತ್ತು ಹಿಂದಿನಿಂದ ಹೇಗೆ ಕಾಣುತ್ತದೆ ಎಂಬುದು ಮೂರನೆಯದು. ವರ್ಷ ಕಳೆದ ಮೇಲೆ ಕೂದಲಿಗೂ ನೆತ್ತಿಗೂ ಏನು ಮಾಡಿರುತ್ತದೆ ಎಂಬುದು ನಾಲ್ಕನೆಯದು. ಮೊದಲ ಅಳತೆಯನ್ನು ಸೋಮಾರಿತನ ಎಂದು ಯಾರೂ ತಿಳಿಯಬಾರದು. ಐವತ್ತರ ಆಸುಪಾಸಿನಲ್ಲಿ ಎಷ್ಟೋ ಹೆಂಗಸರ ಭುಜ ಹಿಡಿದುಕೊಳ್ಳುತ್ತದೆ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೂ ಹೆಚ್ಚು. ಕೈ ಹಿಂದಕ್ಕೆ ಹೋಗದವಳಿಗೆ ಕಡಿಮೆ ಶ್ರಮ ಎನ್ನುವುದು ಆಯ್ಕೆಯಲ್ಲ, ಅಗತ್ಯ.

ಕೇಶದ ಬಗೆಗಿನ ನಮ್ಮ ಸೌಂದರ್ಯದೃಷ್ಟಿ ಕಟ್ಟಿಕೊಂಡಿರುವುದೇ ದಟ್ಟತನದ ಮೇಲೆ. ನಾಗರ ಜಡೆ, ಮೊಗ್ಗಿನ ಜಡೆ, ರಾಗಟೆ, ಜಡೆಬಿಲ್ಲೆ, ಕುಚ್ಚು ಎಲ್ಲವೂ ಭಾರ ಹೊರಬಲ್ಲ ಕೂದಲನ್ನು ಬೇಡುತ್ತವೆ. ಕೂದಲು ಸಾಲದಿದ್ದರೆ ಚೌರಿ ಸೇರಿಸಿ ಹೆಣೆಯುತ್ತೇವೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕನ್ನಡಿ ಹಿಡಿದು ನಿಂತ ದರ್ಪಣಸುಂದರಿ ಒಂಬತ್ತು ಶತಮಾನಗಳಿಂದ ಯುವತಿಯಾಗಿಯೇ ಇದ್ದಾಳೆ. ಕನ್ನಡಿ ನೋಡಿಕೊಳ್ಳುವ ಮುದುಕಿಯನ್ನು ಯಾವ ಶಿಲ್ಪಿಯೂ ನಮಗೆ ಕೊಟ್ಟದ್ದು ನಾನು ಕಂಡಿಲ್ಲ. ಸಾಹಿತ್ಯದಲ್ಲಿ ನರೆ ಬರುವುದು ಎಚ್ಚರಿಕೆಯಾಗಿ. ದೇಹ ಸೋಲುವ ಮುನ್ನ ದೇವರನ್ನು ನೆನೆ ಎನ್ನುವ ಬಸವಣ್ಣನವರ ವಚನದಲ್ಲಿ ಅದು ಮುಪ್ಪಿನ ಮೊದಲ ಗುರುತು. ವೈರಾಗ್ಯಕ್ಕೆ ಅದು ಒಳ್ಳೆಯ ನೆನಪೋಲೆಯೇ. ಆದರೆ ನರೆತ ಮೇಲೂ ಮೂವತ್ತು ವರ್ಷ ಬದುಕುವವರು, ದಿನಾ ಬೆಳಿಗ್ಗೆ ತಲೆ ಬಾಚಲೇಬೇಕಾದವರು, ಆ ಮೂವತ್ತು ವರ್ಷಗಳ ಸೌಂದರ್ಯವನ್ನು ಎಲ್ಲಿಂದ ಕಲಿಯಬೇಕು? ಕಲಿಸುವವರಿಲ್ಲದ್ದರಿಂದ ಇಪ್ಪತ್ತರ ತಲೆಯನ್ನು ಅರವತ್ತರಲ್ಲಿ ಅನುಕರಿಸುತ್ತೇವೆ. ನಮ್ಮ ಹೆಚ್ಚಿನ ತೊಂದರೆಗಳು ಹುಟ್ಟುವುದು ಇಲ್ಲಿಂದ.

ಮೊದಲು ಈ ಕೂದಲಿನ ಗುಣವನ್ನು ತಿಳಿದುಕೊಳ್ಳಬೇಕು. ತೆಳ್ಳನೆಯ ಎಳೆ ಬೇರೆ, ವಿರಳವಾದ ಕೂದಲು ಬೇರೆ. ಉದುರಿದ ಒಂದು ಎಳೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹೊರಳಿಸಿ. ಬೆರಳಿಗೆ ಏನೂ ತಾಗದಂತಿದ್ದರೆ ಎಳೆ ತೆಳು. ಕೆಲವರಿಗೆ ತೆಳು ಎಳೆಗಳೇ ಬೇಕಾದಷ್ಟಿರುತ್ತವೆ, ಕೆಲವರಿಗೆ ದಪ್ಪ ಎಳೆಗಳೇ ವಿರಳವಾಗಿರುತ್ತವೆ, ವಯಸ್ಸಾದಂತೆ ಹಲವರಿಗೆ ಎರಡೂ ಒಟ್ಟಿಗೆ ಬರುತ್ತವೆ. ಬೇರಿನಲ್ಲಿ ಮೆಲನಿನ್ ಎಂಬ ಬಣ್ಣದ ಕಣ ತಯಾರಾಗುವುದು ನಿಂತಾಗ ಎಳೆ ಬಿಳಿಯಾಗಿ ಹುಟ್ಟುತ್ತದೆ. ಬೂದು ಎಂದು ನಾವು ಕಾಣುವುದು ಬಿಳಿ ಮತ್ತು ಕಪ್ಪು ಎಳೆಗಳ ಬೆರಕೆ. ನೇರವಾದ ತೆಳು ಎಳೆಯ ಮೇಲೆ ನೆತ್ತಿಯ ಜಿಡ್ಡು ಬೇಗ ಇಳಿಯುತ್ತದೆ. ಜಿಡ್ಡಾದ ಎಳೆಗಳು ಒಂದಕ್ಕೊಂದು ಅಂಟಿ ಕಡ್ಡಿಗಳಾಗುತ್ತವೆ, ನಡುವೆ ನೆತ್ತಿ ಕಾಣುತ್ತದೆ. ಇನ್ನೊಂದು ಗುಣ ನಮ್ಮ ಪರವಾಗಿದೆ. ಕಪ್ಪು ಕೂದಲಿನ ನಡುವೆ ನೆತ್ತಿ ಎದ್ದು ಕಾಣುವಷ್ಟು ಬಿಳಿ ಕೂದಲಿನ ನಡುವೆ ಕಾಣುವುದಿಲ್ಲ, ಏಕೆಂದರೆ ಚರ್ಮಕ್ಕೂ ಕೂದಲಿಗೂ ಬಣ್ಣದ ಅಂತರ ಕಡಿಮೆ. ಕೂದಲು ತೆಳುವಾಗುವ ವಯಸ್ಸಿನಲ್ಲೇ ಅದು ಬಿಳಿಯಾಗುವುದನ್ನು ನಾನೀಗ ಉಪಕಾರವೆಂದೇ ನೋಡುತ್ತೇನೆ.

ಈ ತಿಳಿವಳಿಕೆಯಿಂದ ನೋಡಿದರೆ ನಮ್ಮ ಅತಿ ಹಳೆಯ ಪದ್ಧತಿ ಅರ್ಧ ಸರಿ, ಅರ್ಧ ತಪ್ಪು. ಸ್ನಾನ ಮಾಡಿ, ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು, ನೆತ್ತಿಗೆ ತಟ್ಟಿ, ಬಿಗಿಯಾಗಿ ಬಾಚಿ ಗಂಟು ಹಾಕುವುದು ನಮ್ಮ ತಾಯಂದಿರ ಕ್ರಮ. ಎಣ್ಣೆಯ ಆಯ್ಕೆಯಲ್ಲಿ ಅವರು ತಪ್ಪಿಲ್ಲ. ತೊಳೆಯುವ ಮುನ್ನ ಹಚ್ಚಿದ ಕೊಬ್ಬರಿ ಎಣ್ಣೆ ಕೂದಲೊಳಗೆ ಇಳಿದು ಪ್ರೋಟೀನ್ ಸೋರುವುದನ್ನು ತಗ್ಗಿಸುತ್ತದೆ, ಸೂರ್ಯಕಾಂತಿ ಎಣ್ಣೆಯೂ ಖನಿಜ ತೈಲವೂ ಹಾಗೆ ಮಾಡುವುದಿಲ್ಲ ಎಂದು ಭಾರತೀಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ತಪ್ಪು ಇರುವುದು ಹೊತ್ತಿನಲ್ಲಿ. ಸ್ನಾನದ ನಂತರ ಹಚ್ಚಿದ ಎಣ್ಣೆ ತೆಳು ಎಳೆಗಳನ್ನು ಮಲಗಿಸಿ ನೆತ್ತಿಯನ್ನು ಬಯಲು ಮಾಡುತ್ತದೆ, ಧೂಳು ಹಿಡಿಯುತ್ತದೆ. ಎರಡನೆಯ ತಪ್ಪು ಬಿಗಿ. ಹಣೆಯ ಮೇಲಿನ ಕೂದಲು ವರ್ಷಗಟ್ಟಲೆ ಹಿಂದಕ್ಕೆ ಎಳೆಸಿಕೊಂಡು ಬೇರುಸಮೇತ ಉದುರಿಹೋಗುವುದನ್ನು ಚರ್ಮವೈದ್ಯರು ಚೆನ್ನಾಗಿ ಬಲ್ಲರು. ನೃತ್ಯಗಾರ್ತಿಯರಲ್ಲೂ ಸಮವಸ್ತ್ರ ಹಾಕುವ ನೌಕರಿಯವರಲ್ಲೂ ಇದನ್ನು ಕಾಣಬಹುದು. ಮೂರನೆಯದು ಬೈತಲೆ. ಹತ್ತನೇ ವಯಸ್ಸಿನಲ್ಲಿ ತೆಗೆದ ಗೆರೆಯನ್ನೇ ಅರವತ್ತರವರೆಗೆ ತೆಗೆದರೆ ಅಲ್ಲಿ ಕೂದಲು ಎರಡು ಪಕ್ಕಕ್ಕೆ ಶಾಶ್ವತವಾಗಿ ಮಲಗಿ ಗೆರೆ ರಸ್ತೆಯಾಗುತ್ತದೆ. ಅದನ್ನು ಅರ್ಧ ಅಂಗುಲ ಪಕ್ಕಕ್ಕೆ ಸರಿಸಿದ ದಿನವೇ ಬುಡ ಎದ್ದು ನಿಲ್ಲುತ್ತದೆ. ಇದಕ್ಕೆ ಹಣ ಬೇಡ, ಹತ್ತು ಸೆಕೆಂಡು ಸಾಕು. ಎಣ್ಣೆಯನ್ನು ಹಿಂದಿನ ರಾತ್ರಿಗೋ ಸ್ನಾನಕ್ಕೆ ಒಂದು ಗಂಟೆ ಮೊದಲಿಗೋ ಸರಿಸಿ, ಒಂದು ಚಮಚಕ್ಕೆ ಇಳಿಸಿ, ಪೂರ್ತಿ ತೊಳೆದುಬಿಟ್ಟರೆ ಹಳೆಯ ಪದ್ಧತಿಯ ಅರ್ಧ ದೋಷ ಅಲ್ಲಿಗೇ ಮುಗಿಯುತ್ತದೆ.

ಚೌರಿಯನ್ನೂ ತುರುಬಿನೊಳಗೆ ಇಡುವ ಸ್ಪಂಜಿನ ಉಂಗುರವನ್ನೂ ನಾನು ಒಪ್ಪಲಾರೆ. ತೆಳು ಕೂದಲು ಅವನ್ನು ಪೂರ್ತಿ ಮುಚ್ಚುವುದಿಲ್ಲ. ಪಕ್ಕದಿಂದ ನೋಡಿದರೆ ಮುಖಕ್ಕೂ ತುರುಬಿಗೂ ಸಂಬಂಧವೇ ಇರುವುದಿಲ್ಲ, ನಮ್ಮೂರ ಅಂಗಡಿಗಳಲ್ಲಿ ಸಿಗುವ ಚೌರಿಯಂತೂ ಕಪ್ಪು ಬಣ್ಣದ್ದೇ. ಮೇಲಾಗಿ ಆ ಭಾರ ನೇತುಬೀಳುವುದು ಮೊದಲೇ ಬಳಲಿದ ಬೇರುಗಳ ಮೇಲೆ. ಬಾಚಣಿಗೆಯಿಂದ ಕೂದಲನ್ನು ಬುಡದತ್ತ ತಳ್ಳಿ ಉಬ್ಬಿಸುವುದು ಮದುವೆಮನೆಯ ಎರಡು ಗಂಟೆಗೆ ಸರಿಹೋದೀತು. ದಿನವೂ ಮಾಡಿದರೆ ಎಳೆಯ ಹೊರಪದರ ಕಿತ್ತು ಹೊಳಪೇ ಹೋಗುತ್ತದೆ.

ಇನ್ನು ಬಣ್ಣ. ಬಣ್ಣ ಹಚ್ಚುವವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ನೌಕರಿಯ ಸಂದರ್ಶನ, ಮಗಳ ಮದುವೆಯ ಮಾತುಕತೆ, ಅಂಗಡಿಯ ಗಲ್ಲಾಪೆಟ್ಟಿಗೆ, ಎಲ್ಲ ಕಡೆ ಬಿಳಿಗೂದಲ ಹೆಂಗಸನ್ನು ಜನ ಬೇರೆ ಥರ ಮಾತಾಡಿಸುತ್ತಾರೆ ಎಂಬುದು ನನಗೂ ಗೊತ್ತು. ಅದೇ ವಯಸ್ಸಿನ ಗಂಡಸಿನ ಬಿಳಿ ಗಡ್ಡಕ್ಕೆ ಘನತೆ ಎನ್ನುವ ಹೆಸರಿದೆ. ಆದರೂ ಬಣ್ಣವನ್ನು ಕಡಿಮೆ ಶ್ರಮದ ದಾರಿ ಎಂದು ಹೇಳುವುದು ಲೆಕ್ಕಕ್ಕೆ ನಿಲ್ಲುವುದಿಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಮೂರನೇ ವಾರಕ್ಕೆ ಬೈತಲೆಯಲ್ಲಿ ಬಿಳಿ ಗೆರೆ ಮೂಡುತ್ತದೆ. ಮೂರು ವಾರಕ್ಕೊಮ್ಮೆ ಎಂದರೆ ವರ್ಷಕ್ಕೆ 17 ಸಲ, ಪ್ರತಿ ಸಲ ಒಂದೂವರೆ ಗಂಟೆ ಎಂದರೆ 25 ಗಂಟೆಗೂ ಮೇಲೆ. ಇಷ್ಟಾಗಿಯೂ ಕಪ್ಪು ಕೂದಲು, ತಿಳಿ ನೆತ್ತಿ, ಬಿಳಿ ಬುಡ ಎಂಬ ಮೂರು ಬಣ್ಣಗಳು ಒಂದೇ ತಲೆಯಲ್ಲಿ ಜಗಳವಾಡುತ್ತಿರುತ್ತವೆ. ತೆಳು ಕೂದಲಿನಲ್ಲಿ ಆ ಜಗಳ ದೂರದಿಂದಲೇ ಕಾಣುತ್ತದೆ. ಶಾಶ್ವತ ಕಪ್ಪು ಬಣ್ಣಗಳಲ್ಲಿ ಹೆಚ್ಚಿನವುಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಒಗ್ಗುವುದಿಲ್ಲ. ಹಣೆ, ಕಿವಿ, ರೆಪ್ಪೆ ಊದಿಕೊಳ್ಳುತ್ತವೆ. ವರ್ಷಗಟ್ಟಲೆ ಹಚ್ಚಿ ಏನೂ ಆಗದವರಿಗೂ ಒಂದು ದಿನ ಆಗಬಹುದು. 48 ಗಂಟೆ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡಿ ಎಂಬ ಸೂಚನೆಯನ್ನು ಪೊಟ್ಟಣದ ಮೇಲೆ ಅಚ್ಚು ಮಾಡಿರುತ್ತಾರೆ. ನಾನು ಹೋದ ಯಾವ ಪಾರ್ಲರಿನಲ್ಲೂ ಅದನ್ನು ಪಾಲಿಸಿದ್ದು ನೋಡಲಿಲ್ಲ.

ಗೋರಂಟಿ ಅಪಾಯ ಕಡಿಮೆಯ ದಾರಿ. ಅದರ ಎಲೆಯ ಬಣ್ಣ ಎಳೆಯ ಮೇಲೆ ಪದರವಾಗಿ ಕೂತು ತೆಳು ಕೂದಲಿಗೆ ಸ್ವಲ್ಪ ಮೈ ಕೊಡುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಪೂರ್ತಿ ಬಿಳಿಯಾದ ಎಳೆ ಅದರಿಂದ ಕಿತ್ತಳೆಯಾಗುತ್ತದೆ, ಬುಡದ ಬಿಳಿ ಮತ್ತೆ ಮೂರು ವಾರಕ್ಕೆ ಹಾಜರಾಗುತ್ತದೆ. ಕಪ್ಪು ಗೋರಂಟಿ ಎಂದು ಮಾರುವ ಎಷ್ಟೋ ಪುಡಿಗಳಲ್ಲಿ ಕಪ್ಪು ಬರುವುದು ಎಲೆಯಿಂದಲ್ಲ, ಅದೇ ಪಿಪಿಡಿಯಿಂದ. ಗಿಡಮೂಲಿಕೆ ಎಂಬ ಹೆಸರು ನಂಬಿ ಹಚ್ಚಿಕೊಳ್ಳುವವರಿಗೆ ಇದನ್ನು ಹೇಳಲೇಬೇಕು.

ಬಣ್ಣ ಬಿಟ್ಟ ಮೇಲೆ ಮೊದಲ ಸಲ ಪಾರ್ಲರಿಗೆ ಹೋದಾಗ ಅಲ್ಲಿಯ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: “ಆಂಟಿ, ಕಲರ್ ಮಾಡ್ಲಾ?” ಬೇಡ ಎಂದಾಗ ಲೇಯರ್ ಕಟ್ ಹೇಳಿದಳು, ಆಮೇಲೆ ಕೂದಲು ನಯ ಮಾಡುವ ಕೆರಾಟಿನ್ ಎಂದಳು. ಅವಳ ತಪ್ಪಲ್ಲ, ಅವಳಿಗೆ ಕಲಿಸಿದ್ದೇ ಅಷ್ಟು. ಆದರೆ ಎರಡೂ ಸಲಹೆ ನನ್ನ ತಲೆಗೆ ವಿರುದ್ಧವಾದವು. ಲೇಯರ್ ಎಂದರೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುವುದು. ದಟ್ಟ ಕೂದಲಿನ ಭಾರ ಇಳಿಸಲು ಅದು ಒಳ್ಳೆಯ ಉಪಾಯ. ತೆಳು ಕೂದಲಿನಲ್ಲಿ ಹಾಗೆ ಮಾಡಿದರೆ ತುದಿಯಲ್ಲಿ ಉಳಿಯುವುದು ನಾಲ್ಕೇ ಎಳೆ. ಅಂಚು ಸೀರೆ ಸೆರಗಿನ ಬಿಡಿ ದಾರದ ಹಾಗೆ ಕಾಣುತ್ತದೆ. ನಯ ಮಾಡುವ ಉಪಚಾರ ಎದ್ದ ಕೂದಲನ್ನು ಮಲಗಿಸುತ್ತದೆ. ಮೊದಲೇ ಮಲಗಿದ ಕೂದಲಿಗೆ ಅದು ಏಕೆ? ಅಂಥ ಕೆಲವು ದ್ರಾವಣಗಳು ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಅನಿಲವನ್ನು ಬಿಡುತ್ತವೆ ಎಂಬುದು ಬೇರೆಯೇ ಚಿಂತೆ. ಪಾರ್ಲರ್ ನಡೆಸುವವರು ಒಂದು ಪಾಠ ಕಲಿಯಲಿ ಎಂದು ನನ್ನ ಆಸೆ: ತೆಳು ಕೂದಲಿಗೆ ಬೇಕಾದದ್ದು ಒಂದೇ ಮಟ್ಟದ ಅಂಚು. ಬ್ಲಂಟ್ ಕಟ್ ಎಂದು ಅವರೇ ಕರೆಯುವ, ಎಲ್ಲ ಎಳೆಗಳೂ ಒಂದೇ ಗೆರೆಯಲ್ಲಿ ಮುಗಿಯುವ ಕತ್ತರಿ.

ಹೀಗೆ ಕತ್ತರಿಸಿದ, ದವಡೆಯ ಮಟ್ಟಕ್ಕೋ ಅದಕ್ಕಿಂತ ಒಂದು ಅಂಗುಲ ಕೆಳಕ್ಕೋ ನಿಲ್ಲುವ ಬಾಬ್ ಕಟ್ ತೆಳು ನೆರೆಗೂದಲಿಗೆ ಹೊಂದುವ ಎರಡು ಒಳ್ಳೆಯ ದಾರಿಗಳಲ್ಲಿ ಒಂದು. ಉದ್ದ ಕಡಿಮೆಯಾದರೆ ಭಾರ ಕಡಿಮೆ, ಬುಡ ತಾನಾಗಿ ಏಳುತ್ತದೆ. ಅಂಚು ಗಟ್ಟಿಯಾಗಿ ಕಾಣುವುದರಿಂದ ಮೇಲಿನದೂ ಇರುವುದಕ್ಕಿಂತ ದಟ್ಟವೆನಿಸುತ್ತದೆ. 1978ರ ಚಿಕ್ಕಮಗಳೂರು ಉಪಚುನಾವಣೆಗೆ ಇಂದಿರಾ ಗಾಂಧಿ ಬಂದಾಗ ಅವರ ಗಿಡ್ಡ ಕೂದಲನ್ನೂ ಅದರೊಳಗಿನ ಬಿಳಿಯ ಪಟ್ಟಿಯನ್ನೂ ಕಂಡ ಮಲೆನಾಡಿನ ಹೆಂಗಸರು ಅದನ್ನು ಬಹಳ ಕಾಲ ಮಾತಾಡಿಕೊಂಡಿರಬೇಕು. ಸೀರೆಗೂ ಗಿಡ್ಡ ಕೂದಲಿಗೂ ಹೊಂದುವುದಿಲ್ಲ ಎನ್ನುವವರಿಗೆ ಆ ಒಂದು ತಲೆ ಸಾಕಷ್ಟು ಉತ್ತರ. ಮಾಡಬೇಕಾದದ್ದೂ ಅಲ್ಪವೇ. ನೀರು ಕೂದಲೊಳಗಿನ ತಾತ್ಕಾಲಿಕ ಬಂಧಗಳನ್ನು ಬಿಚ್ಚುತ್ತದೆ. ಒಣಗುವಾಗ ಅವು ಮತ್ತೆ ಕೂಡುತ್ತವೆ. ಯಾವ ಭಂಗಿಯಲ್ಲಿ ಒಣಗುತ್ತದೋ ಆ ಭಂಗಿಯಲ್ಲೇ ನಿಲ್ಲುತ್ತದೆ. ಆದ್ದರಿಂದ ಹತ್ತಿಯ ಪಂಚೆಯಿಂದ ಒತ್ತಿ ನೀರು ತೆಗೆದು, ಬೈತಲೆಯ ವಿರುದ್ಧ ದಿಕ್ಕಿಗೆ ಕೂದಲನ್ನು ಹೊರಳಿಸಿ ಹಾಗೇ ಬಿಟ್ಟು ಕಾಫಿ ಕುಡಿದು ಬಂದರೆ ಸಾಕು. ಮುಕ್ಕಾಲು ಪಾಲು ಒಣಗಿದ ಮೇಲೆ ತಿರುಗಿ ಹಾಕಿದರೆ ಬುಡ ನಿಂತಿರುತ್ತದೆ. ಬಿಸಿ ಗಾಳಿ ಬೇಕಿಲ್ಲ. ಕಾದ ಇಸ್ತ್ರಿಪಟ್ಟಿಯಂತೂ ಬಿಳಿ ಎಳೆಯನ್ನು ಹಳದಿ ಮಾಡುತ್ತದೆ.

ಈ ದಾರಿಯ ದೋಷಗಳನ್ನೂ ಹೇಳಬೇಕು. ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿ ಬೇಕು. ಒಳ್ಳೆಯ ಕೈ ಸಿಗದ ಊರಿನಲ್ಲಿ ಅದು ಕಷ್ಟ. ಮಂಗಳೂರು, ಉಡುಪಿಯ ತೇವದ ಗಾಳಿಗೆ ಬೆಳಗಿನ ಬಂಧಗಳು ಮಧ್ಯಾಹ್ನಕ್ಕೇ ಬಿಚ್ಚಿಕೊಂಡು ಬಿಟ್ಟ ಕೂದಲು ಕೆನ್ನೆಗೆ ಅಂಟುತ್ತದೆ. ವಿಜಯಪುರ, ಕಲಬುರಗಿಯ ಒಣ ಬಿಸಿಲಿನಲ್ಲಿ ಅದೇ ಕೂದಲು ಹಾರಾಡುತ್ತದೆ. ಅಲ್ಲಿ ಎರಡು ಹನಿ ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ತೀಡಿ, ಕೈಯಲ್ಲಿ ಉಳಿದ ಪಸೆಯನ್ನಷ್ಟೇ ತುದಿಗಳಿಗೆ ಸವರಿದರೆ ಒಪ್ಪವಾಗುತ್ತದೆ. ಕರಾವಳಿಯವರಿಗೆ ಕಟ್ಟುವುದೇ ಮೇಲು.

ಕಟ್ಟುವುದೆಂದರೆ ನನ್ನ ಮನಸ್ಸಿಗೆ ಬರುವುದು ನನ್ನ ಅಜ್ಜಿಯ ತುರುಬು. ನಿಂಬೆಹಣ್ಣಿನಷ್ಟೇ ಗಾತ್ರ. ಕತ್ತಿನ ಕುಳಿಯಲ್ಲಿ, ರವಿಕೆಯ ಅಂಚಿಗಿಂತ ಎರಡು ಬೆರಳು ಮೇಲೆ ಕೂತಿರುತ್ತಿತ್ತು. ಮನೆಯ ಹೆಣ್ಣುಮಕ್ಕಳೆಲ್ಲ ಅದನ್ನು ಕಂಡು, ಅಯ್ಯೋ ಅಜ್ಜಿಗೆ ಕೂದಲೇ ಉಳಿದಿಲ್ಲ ಎನ್ನುತ್ತಿದ್ದೆವು. ಈಗ ನೆನಪಿಸಿಕೊಂಡರೆ ಅದರಲ್ಲಿ ಒಂದು ದೋಷವೂ ಕಾಣುವುದಿಲ್ಲ. ಸಣ್ಣ ತಲೆ, ಬಾಗಿದ ಕತ್ತು, ಇಳಿದ ಭುಜ, ಆ ಶರೀರಕ್ಕೆ ಅಷ್ಟೇ ಗಾತ್ರದ ತುರುಬು ತಕ್ಕದ್ದು. ಇನ್ನೂ ದೊಡ್ಡದಾಗಿದ್ದರೆ ಭಾರವೆನಿಸುತ್ತಿತ್ತು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಮುಪ್ಪಿನ ಛಾಯಾಚಿತ್ರಗಳಲ್ಲೂ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಕಛೇರಿಯ ಚಿತ್ರಗಳಲ್ಲೂ ನೆರೆಗೂದಲನ್ನು ಹಿಂದಕ್ಕೆ ಬಾಚಿ ಕಟ್ಟಿದ ಇದೇ ಸರಳತೆ ಇದೆ. ನೋಡುವವರ ಕಣ್ಣು ಕೂದಲು ಎಷ್ಟಿದೆ ಎಂದು ಎಣಿಸುವುದಿಲ್ಲ. ಹಣೆಯಿಂದ ಕತ್ತಿನವರೆಗೆ ಗೆರೆ ಎಲ್ಲೂ ಮುರಿಯದೆ ಹೋಗಿರುವುದನ್ನು ನೋಡುತ್ತದೆ. ಅಚ್ಚುಕಟ್ಟು ಎಂದು ನಾವು ಕರೆಯುವುದು ಆ ಗೆರೆಯನ್ನೇ. ಅದು ಎಳೆಗಳ ಸಂಖ್ಯೆಯಿಂದ ಹುಟ್ಟುವುದಿಲ್ಲ.

ಅಜ್ಜಿಯ ತುರುಬನ್ನು ಎಣ್ಣೆಯ ಜಿಡ್ಡಿಲ್ಲದೆ, ಬಿಗಿಯಿಲ್ಲದೆ ಕಟ್ಟುವುದು ಹೀಗೆ. ತಲೆಗೆ ನೀರು ಹಾಕಿದ ದಿನ ತೆಳು ಕೂದಲು ರೇಷ್ಮೆಯಂತೆ ಜಾರುತ್ತದೆ. ಮರುದಿನ ಕಟ್ಟಿದರೆ ತಾನಾಗಿ ಹಿಡಿತ ಬಂದಿರುತ್ತದೆ. ಅವಸರವಿದ್ದರೆ ಲೋಳೆಸರದ ಲೋಳೆಯನ್ನೋ, ಅಗಸೆ ಬೀಜ ಕುದಿಸಿ ಸೋಸಿದ ಲೋಳೆಯನ್ನೋ ಕಡಲೆಕಾಳಿನಷ್ಟು ಅಂಗೈಗೆ ಸವರಿಕೊಂಡು ಕೂದಲ ಮೇಲೆ ಆಡಿಸಬೇಕು. ಅಗಸೆಯ ಲೋಳೆ ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಬಾಚಣಿಗೆ ಬಿಟ್ಟು ಬೆರಳಿನಿಂದಲೇ ಹಿಂದಕ್ಕೆ ಸರಿಸಿ, ಕತ್ತಿನ ಕುಳಿಯಲ್ಲಿ ಒಟ್ಟು ಮಾಡಿ, ಹಗ್ಗ ಹೊಸೆದಂತೆ ಒಂದೇ ದಿಕ್ಕಿಗೆ ಹೊಸೆಯಬೇಕು. ಹೊಸೆದದ್ದು ತಾನಾಗಿ ಸುರುಳಿಯಾಗಲು ಹವಣಿಸುತ್ತದೆ, ಆ ದಿಕ್ಕಿಗೇ ಸುತ್ತಿ ತುದಿಯನ್ನು ಕೆಳಗೆ ಸೇರಿಸಬೇಕು. ಕೈ ಕಿವಿಯ ಮಟ್ಟ ದಾಟುವುದಿಲ್ಲ. ಆಮೇಲೆ ಎರಡೇ ಎರಡು ಯು ಪಿನ್ನು. ತುರುಬಿನ ಅಂಚಿನ ಸ್ವಲ್ಪ ಕೂದಲನ್ನು ಹಿಡಿದು, ಪಿನ್ನನ್ನು ಹೊರಮುಖವಾಗಿ ಚುಚ್ಚಿ, ನೆತ್ತಿಯ ಕಡೆಗೆ ಮಗುಚಿ ತುರುಬಿನ ನಡುವಿಗೆ ತಳ್ಳಬೇಕು. ಮಗುಚುವುದರಲ್ಲೇ ಹಿಡಿತವಿದೆ. ಇದು ಗೊತ್ತಿಲ್ಲದೆ ನಾನು ಮೂವತ್ತು ವರ್ಷ ಹತ್ತು ಹತ್ತು ಪಿನ್ನು ಚುಚ್ಚಿಕೊಂಡೆ. ಕೊನೆಗೆ ನೆತ್ತಿಯ ಮೇಲೆ ಬೆರಳಿಟ್ಟು ಕೂದಲನ್ನು ಒಂದಿಷ್ಟು ಸಡಿಲ ಬಿಡಬೇಕು, ಕಾಳಿನಷ್ಟು ಎತ್ತರಕ್ಕೆ. ಒಟ್ಟು ಮೂರು ನಿಮಿಷ. ಸಂಜೆ ನಾಲ್ಕಕ್ಕೂ ಇರುತ್ತದೆ, ಹಿಂದಿನಿಂದಲೂ ಚೆಂದ, ಬೇರಿಗೂ ನೋವಿಲ್ಲ. ನನ್ನ ನಾಲ್ಕೂ ಅಳತೆಗಳಲ್ಲಿ ಗೆದ್ದದ್ದು ಇದೊಂದೇ.

ಇಷ್ಟೆಲ್ಲ ಮಾಡಿದ ಮೇಲೂ ಕೆಡಿಸುವ ಎರಡು ಸಂಗತಿಗಳಿವೆ. ಮೊದಲನೆಯದು ಹಳದಿ. ಬಿಸಿಲು, ಹೊಗೆ, ಬೋರ್‌ವೆಲ್ಲಿನ ಗಡಸು ನೀರಿನ ಲವಣ, ಬಣ್ಣದ ತಲೆಎಣ್ಣೆಗಳು ಬಿಳಿ ಎಳೆಯ ಮೇಲೆ ಕೂತು ಅದನ್ನು ಹಳೆಯ ಕಾಗದದ ಬಣ್ಣಕ್ಕೆ ತರುತ್ತವೆ. ಇದಕ್ಕೆ ಮದ್ದು ನಮ್ಮ ಮನೆಗಳಿಗೆ ಹೊಸತಲ್ಲ. ಬಿಳಿ ಪಂಚೆಗೆ ನೀಲಿ ಹಾಕುತ್ತಿದ್ದುದು ಇದೇ ತತ್ವದ ಮೇಲೆ. ಹಳದಿಗೆ ಎದುರು ಬಣ್ಣವಾದ ನೇರಳೆಯ ಶಾಂಪೂವನ್ನು ಹದಿನೈದು ದಿನಕ್ಕೊಮ್ಮೆ ಎರಡು ನಿಮಿಷ ಇಟ್ಟು ತೊಳೆದರೆ ಬೆಳ್ಳಿ ಮರಳುತ್ತದೆ. ಹೆಚ್ಚಾದರೆ, ನೀಲಿ ಜಾಸ್ತಿಯಾದ ಪಂಚೆಯ ಹಾಗೆಯೇ, ಕೂದಲೂ ಬಣ್ಣ ಹಿಡಿಯುತ್ತದೆ. ಕೊನೆಯ ಚೊಂಬು ನೀರು ಕುಡಿಯುವ ನೀರಾದರೆ ಇನ್ನೂ ಒಳ್ಳೆಯದು. ಇದು ಖರ್ಚಿಲ್ಲದ ಕ್ರಮ, ಗಡಸು ನೀರಿನ ಬಡಾವಣೆಗಳಲ್ಲಿ ಎದ್ದು ಕಾಣುವ ಫಲ ಕೊಡುತ್ತದೆ.

ಎರಡನೆಯದು ಪಿನ್ನಿನ ಬಣ್ಣ. ಬಿಳಿ ತಲೆಯ ಮೇಲೆ ಕರಿಯ ಪಿನ್ನು, ಕರಿಯ ರಬ್ಬರ್‌ಬ್ಯಾಂಡು ಇರುವೆ ಕೂತಂತೆ ಕಾಣುತ್ತದೆ. ನಾನು ಫ್ಯಾನ್ಸಿ ಸ್ಟೋರುಗಳಲ್ಲಿ ಬೂದು ಬಣ್ಣದ ಪಿನ್ನು ಕೇಳಿದಾಗಲೆಲ್ಲ ಮುಂದಿಟ್ಟದ್ದು ಕಪ್ಪು. ಕೊನೆಗೆ ಬಣ್ಣ ಬಳಿಯದ ಉಕ್ಕಿನ ಯು ಪಿನ್ನು ಒಂದು ಹಳೆಯ ಅಂಗಡಿಯಲ್ಲಿ ಸಿಕ್ಕಿತು. ಬಿಳಿಗೂದಲಿನೊಳಗೆ ಅದು ಇದೆಯೆಂದೇ ತಿಳಿಯುವುದಿಲ್ಲ. ಬೀದಿಬೀದಿಗೂ ನರೆತ ತಲೆಗಳಿವೆ, ಅವಕ್ಕೆ ಹೊಂದುವ ಪಿನ್ನು ಮಾತ್ರ ಪೇಟೆಯಲ್ಲಿಲ್ಲ. ನರೆತ ತಲೆ ಎಂದರೆ ಇನ್ನೂ ಕಪ್ಪಾಗದ ತಲೆ ಎಂದೇ ವ್ಯಾಪಾರಿಗಳು ತಿಳಿದಿದ್ದಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹೂವಿನ ಮಾತೂ ಬಂತು. ಮೈಸೂರು ಮಲ್ಲಿಗೆಯ ಒಂದು ಮಾರು ದಂಡೆಯನ್ನು ತೆಳು ಕೂದಲು ಹೊರಲಾರದು, ಅರ್ಧ ಗಂಟೆಯಲ್ಲಿ ತುರುಬು ಇಳಿಯುತ್ತದೆ. ಒಂದು ಗೇಣು ಮಾಲೆಯನ್ನು ತುರುಬಿನ ಮೇಲಲ್ಲ, ಬುಡದ ಸುತ್ತ ಅರ್ಧಚಂದ್ರವಾಗಿ ಇಟ್ಟರೆ ಭಾರವೂ ಇಲ್ಲ, ಅಲ್ಲಿಯ ಪಿನ್ನೂ ಮುಚ್ಚುತ್ತದೆ. ಬಿಳಿಯ ಮೇಲೆ ಬಿಳಿ ಮಲ್ಲಿಗೆ ಕಾಣುವುದಿಲ್ಲ ಎನ್ನುವವರಿದ್ದಾರೆ. ಹಸಿರು ತೊಟ್ಟು ಕಾಣುತ್ತದೆ, ಪರಿಮಳವಂತೂ ಇದ್ದೇ ಇದೆ. ನನಗೆ ಕನಕಾಂಬರ ಇನ್ನೂ ಇಷ್ಟ. ಬೆಳ್ಳಿಯ ಮೇಲೆ ಅದರ ಕೇಸರಿ ಕಪ್ಪಿನ ಮೇಲೆ ಎಂದೂ ಅಷ್ಟು ತೆರೆದುಕೊಂಡಿರಲಿಲ್ಲ.

ಇಷ್ಟನ್ನು ಹೇಳಿ ಒಂದು ಭಾರವಾದ ಮಾತಿಗೆ ಬರಬೇಕು. ನರೆತ ಹೆಣ್ಣಿನ ಕೂದಲನ್ನು ಹೇಗಿಡಬೇಕು ಎಂದು ನಿರ್ಧರಿಸುವವರು ಯಾರು? ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ 1976ರಲ್ಲಿ ಬಂತು, ಪ್ರೇಮಾ ಕಾರಂತರು ಅದನ್ನು 1983ರಲ್ಲಿ ಸಿನಿಮಾ ಮಾಡಿದರು. ವಿಧವೆಯ ತಲೆ ಬೋಳಿಸುವ ಕ್ರೌರ್ಯವನ್ನು ತನ್ನ ದೇಹದ ಮೇಲೆ ಹೊತ್ತವಳು, ಇನ್ನೊಬ್ಬ ಎಳೆಯ ವಿಧವೆಗೆ ಅದು ಬೇಡ ಎಂದು ನಿಲ್ಲುವ ಕಥೆ ಅದು. ಆ ಪದ್ಧತಿ ಹೋಯಿತು, ನೆನಪು ಹೋಗಿಲ್ಲ. ನಮ್ಮ ತಾಯಂದಿರ ತಲೆಮಾರಿನಲ್ಲಿ ಕೂದಲು ಕತ್ತರಿಸುವುದೆಂದರೆ ಎದೆ ನಡುಗುವುದಕ್ಕೆ ಕಾರಣ ಇದು. ಅದರ ಪಕ್ಕದಲ್ಲೇ ಇನ್ನೊಂದು ಅಭ್ಯಾಸ ಸದ್ದಿಲ್ಲದೆ ಬೆಳೆದಿದೆ. ಹಾಸಿಗೆ ಹಿಡಿದ ಮುದುಕಿಯರ ಕೂದಲನ್ನು, ನೋಡಿಕೊಳ್ಳುವವರಿಗೆ ಅನುಕೂಲವಾಗಲಿ ಎಂದು, ಕೇಳದೆಯೇ ಗಿಡ್ಡ ಮಾಡಿಬಿಡುತ್ತಾರೆ. ಗಿಡ್ಡ ಕೂದಲು ಒಳ್ಳೆಯದೆಂದು ನಾನೇ ಮೇಲೆ ಬರೆದಿದ್ದೇನೆ. ಒಪ್ಪಿ ಕೂತವಳ ತಲೆಗೆ ಅದು ಸೊಗಸು. ಕೇಳದೆ ಆಡಿಸಿದ ಕತ್ತರಿ, ಎಷ್ಟೇ ಪ್ರೀತಿಯಿಂದ ಆಡಿಸಿದರೂ, ಅಪಮಾನವೇ. ಈ ವಯಸ್ಸಿನಲ್ಲಿ ಇದೆಲ್ಲ ಏಕೆ ಎನ್ನುವ ಒಂದು ಮಾತಿನಿಂದ ನಾವು ಎಷ್ಟು ಜನರ ಕೈಯ ಕನ್ನಡಿ ಕಿತ್ತುಕೊಂಡಿದ್ದೇವೆ!

ನನ್ನ ಅಮ್ಮನಿಗೆ ಎಂಬತ್ತೇಳು. ಎರಡು ವರ್ಷದಿಂದ ಮಂಚದ ಮೇಲೇ ಇದ್ದಾರೆ. ಕೂದಲು ಕತ್ತರಿಸೋಣವೇ ಎಂದು ಕೇಳಿದೆ. ಬೇಡ ಎಂದರು. ಹಿಂದೆ ತುರುಬು ಕಟ್ಟಿದರೆ ದಿಂಬಿಗೆ ಒತ್ತಿ ನೋಯುತ್ತದೆ. ಹಾಗಾಗಿ ಈಗ ಎಲ್ಲ ಕೂದಲನ್ನೂ ಎಡಭುಜಕ್ಕೆ ತಂದು ಸಡಿಲವಾಗಿ ಒಂದು ಜಡೆ ಹೆಣೆದು, ತುದಿಗೆ ಹತ್ತಿಯ ದಾರ ಕಟ್ಟುತ್ತೇನೆ. ಕಿರುಬೆರಳಿಗಿಂತ ದಪ್ಪವಿಲ್ಲದ, ಹಾಲಿನಂಥ ಬಿಳಿಯ ಜಡೆ. ಎರಡು ನಿಮಿಷದ ಕೆಲಸ, ಸಿಕ್ಕೂ ಆಗುವುದಿಲ್ಲ. ಮೊದಲ ದಿನ ಹೆಣೆದು ಮುಗಿಸಿ ಬಾಚಣಿಗೆ ತೊಳೆಯಲು ಏಳುತ್ತಿದ್ದಾಗ ಅಮ್ಮ ಕನ್ನಡಿ ಕೊಡು ಎಂದರು. ತುಂಬ ಹೊತ್ತು ನೋಡಿಕೊಂಡರು. ಜಡೆಯನ್ನು ಮುಟ್ಟಿ, ಸೆರಗಿನ ಮೇಲೆ ನೇರ ಮಾಡಿಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಬೈತಲೆ ಸ್ವಲ್ಪ ಓರೆ ಬಂದಿದೆ ಕಣೇ, ಇನ್ನೊಂದು ಸಲ ತೆಗಿ” ಎಂದರು.

ನಾನು ಮತ್ತೆ ಕೂತು ಬೈತಲೆ ತೆಗೆದೆ.